ಅರ್ಥ ಹೇಳುವವರ ಕುರ್ಚಿ

ಕೆಸರೆಯ ಮಠದ ಹಜಾರದಲ್ಲಿ ವರ್ಷಕ್ಕೊಮ್ಮೆ, ಅವರೆಕಾಯಿ ಕಾಲದಲ್ಲಿ, ಹತ್ತು ಸಂಜೆ ಕಾವ್ಯವಾಚನ. ಪದ್ಯ ಹಾಡುವವರು ಸಿದ್ದಲಿಂಗಮ್ಮ, ಅವರಿಗೆ ಚಾಪೆ. ಅರ್ಥ ಹೇಳುವವರು ನಿವೃತ್ತ ಹೆಡ್‌ಮಾಸ್ಟರ್ ಷಡಕ್ಷರಿ, ಅವರಿಗೆ ಕುರ್ಚಿ. ಹೆಂಗಸರು ಹಾಡಬಹುದು, ಅರ್ಥ ಹೇಳಬಾರದು ಎಂಬುದು ಪದ್ಧತಿ. ಯಾವ ಗ್ರಂಥದಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಷಡಕ್ಷರಿಯವರು ಅದಕ್ಕೂ ಅರ್ಥ ಹೇಳುತ್ತಿದ್ದರು. ಅವರ ಕೈಗೆ ಸಿಕ್ಕ ನಾಲ್ಕು ಸಾಲು ಕಾಶಿಗೆ ಹೋಗಿ, ಅವರ ಅಳಿಯನ ಪ್ರಮೋಷನ್ ಮುಗಿಸಿಕೊಂಡು, ಮುಕ್ಕಾಲು ಗಂಟೆಯ ಮೇಲೆ ವಾಪಸಾಗುತ್ತಿದ್ದವು. ಅಷ್ಟು ಹೊತ್ತು ಶಿವನಾದರೂ ಎಚ್ಚರವಾಗಿರುತ್ತಿದ್ದನೋ ಇಲ್ಲವೋ.

ಮಂಡಿ ಮೊಹಲ್ಲಾದ ಬೆಲ್ಲದ ವ್ಯಾಪಾರಿ ಮಹದೇವಪ್ಪನ ಮಗಳು, ಹದಿನಾಲ್ಕರ ಮಧುಶ್ರೀ, ಎರಡು ವರ್ಷದಿಂದ ಸಿದ್ದಲಿಂಗಮ್ಮನ ಬಳಿ ಕಲಿಯುತ್ತಿದ್ದಳು. "ರಾಗ ನಿಂಗೆ ಬರಲ್ಲ ಮಗಾ, ದೇವರಿಗ್ಯಾಕೆ ತೊಂದ್ರೆ," ಎಂದು ಮೊದಲ ವಾರವೇ ಹಾಡು ಬಿಡಿಸಿ ಅರ್ಥಕ್ಕೆ ಹಚ್ಚಿದ್ದರು ಆಕೆ. ಪಾಠವೆಲ್ಲ ಅಡುಗೆಮನೆಯಲ್ಲೇ. ಒಂದು ಹಿಡಿ ಅವರೆಕಾಯಿ ಸುಲಿಯುವುದರೊಳಗೆ ಒಂದು ಪದ್ಯದ ಅರ್ಥ ಮುಗಿಯಬೇಕು. ಅವರೆ ಇಲ್ಲದ ಕಾಲದಲ್ಲಿ ಬೆಳ್ಳುಳ್ಳಿ. ಅದಕ್ಕಿಂತ ಉದ್ದವಾದರೆ ಅದು ಅರ್ಥವಲ್ಲ, 'ಷಡಕ್ಷರಿ' ಎನ್ನುತ್ತಿದ್ದರು ಸಿದ್ದಲಿಂಗಮ್ಮ.

ಎರಡು ವರ್ಷವಾದರೂ ಮಗಳ ಬಾಯಲ್ಲಿ ಒಂದು ಹಾಡಿಲ್ಲ. ಈ ಸಲದ ವಾಚನ ಮುಗಿದ ಮೇಲೆ ಬಿಡಿಸಿ ಹೊಲಿಗೆ ಕ್ಲಾಸಿಗೆ ಹಾಕುವುದಾಗಿ ಮಹದೇವಪ್ಪ ಹೇಳಿಬಿಟ್ಟಿದ್ದ. ಸೂಜಿಗೆ ದಾರ ಪೋಣಿಸುವುದೆಂದರೇ ಮಧುಶ್ರೀಗೆ ಅಳು.

೧೯೯೮ರ ವಾಚನದ ನಾಲ್ಕನೆಯ ಸಂಜೆ ಷಡಕ್ಷರಿ ಬರಲಿಲ್ಲ. ಹಿದಕಿದ ಬೇಳೆ ಸಾರು ಹೆಚ್ಚಾಗಿ ಹೊಟ್ಟೆ ಕೆಟ್ಟಿತ್ತು. ಚಾಪೆಯ ಮೇಲೆ ಪಕ್ಕದಲ್ಲೇ ಕೂತಿದ್ದ ಮಧುಶ್ರೀಯನ್ನು ತೋರಿಸಿ, ಹುಡುಗಿ ಹೇಳಲಿ ಎಂದರು ಸಿದ್ದಲಿಂಗಮ್ಮ. ಸಮಿತಿಯವರು ಕೇಳಿಸದವರಂತೆ ಗಂಡಸೊಬ್ಬನಿಗಾಗಿ ಹುಡುಕಿದರು. ಸಮಿತಿಯಲ್ಲಿದ್ದ ಮಹದೇವಪ್ಪನೇ ಮೈಕ್‌ಸೆಟ್ ಪುಟ್ಟಣ್ಣನ ಹೆಗಲು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ. ಪುಟ್ಟಣ್ಣನಿಗೆ ಗೊತ್ತಿದ್ದ ಸಾಹಿತ್ಯವೆಂದರೆ 'ಹಲೋ, ಹಲೋ, ಮೈಕ್ ಟೆಸ್ಟಿಂಗ್'.

ಸಿದ್ದಲಿಂಗಮ್ಮ ಪದ್ಯ ಹಾಡಿ ಅವನತ್ತ ನೋಡಿದರು. ಪುಟ್ಟಣ್ಣ ಬೆವರು ಒರೆಸಿಕೊಂಡ.

"ಚೆನ್ನಾಗದೆ," ಎಂದ.

ಅವರು ಅದೇ ಪದ್ಯವನ್ನು ಮತ್ತೆ ಹಾಡಿದರು.

"ಬಾಳಾ ಚೆನ್ನಾಗದೆ."

ಹೆಂಗಸರ ಸಾಲಿನಲ್ಲಿ ಸೆರಗುಗಳು ಬಾಯಿಗೆ ಹೋದವು. ಸಿದ್ದಲಿಂಗಮ್ಮ ಪುಸ್ತಕ ಮುಚ್ಚಿದರು. "ಅರ್ಥ ಆಗ್ದೆ ನಾನು ಮುಂದಿನ ಪದ್ಯಕ್ಕೆ ಹೋಗಲ್ಲ ಕಣ್ರಪ್ಪ. ನೀವೆಲ್ಲ ಇಲ್ಲೇ ಮಲ್ಗಿ."

ಪ್ರಸಾದಕ್ಕೆ ಕಾದಿದ್ದವರಿಗೆ ಇದು ಸಣ್ಣ ಮಾತಲ್ಲ. ಹಿಂದಿನಿಂದ ಯಾರೋ ಗೊಣಗಿದರು. ಪುಟ್ಟಣ್ಣ ತಾನೇ ಎದ್ದು, ಮೈಕನ್ನು ಚಾಪೆಯ ಎತ್ತರಕ್ಕೆ ಇಳಿಸಿ, ಮಧುಶ್ರೀಯ ಮುಂದಿಟ್ಟ. ಅವಳು ಅಪ್ಪನನ್ನು ನೋಡಿದಳು. ಅಪ್ಪ ಸೂರು ನೋಡುತ್ತಿದ್ದ.

"ರಾಜ ಯುದ್ಧಕ್ಕೆ ಹೊರಟ," ಎಂದಳು. "ಆನೆಗೆ ಹೇಳ್ದ, ಕುದುರೆಗೆ ಹೇಳ್ದ, ಬಾಗಿಲು ಕಾಯೋನಿಗೂ ಹೇಳ್ದ. ಎಲೆ ಹಾಕಿ ಕಾಯ್ತಾ ಕೂತಿರೋ ರಾಣಿಗೆ ಮಾತ್ರ ಹೇಳ್ಲಿಲ್ಲ. ಅವಳೇ ಬಂದು ಅಡ್ಡ ನಿಂತು ಕೇಳ್ತಾಳೆ: ಗೆದ್ದು ಬಂದು ಯಾರ ಮುಂದೆ ಜಂಬ ಕೊಚ್ಕೋತೀರಿ? ಆನೆ ಮುಂದೆನಾ?"

ಹೆಂಗಸರು ಸೆರಗು ಬಿಟ್ಟು ನಕ್ಕರು. ಗಂಡಸರು ಕೆಮ್ಮಿದರು. ಸಿದ್ದಲಿಂಗಮ್ಮ ಯಾರ ಮುಖವನ್ನೂ ನೋಡದೆ ಪುಸ್ತಕ ತೆರೆದು ಮುಂದಿನ ಪದ್ಯ ಎತ್ತಿಕೊಂಡರು. ಆ ಸಂಜೆ ಹನ್ನೊಂದು ಪದ್ಯ ಮುಗಿದವು. ಪ್ರಸಾದ ಬಿಸಿಯಾಗಿಯೇ ಸಿಕ್ಕಿತು.

ಮನೆಗೆ ಹೋಗುವ ಆಟೋದಲ್ಲಿ ಮಹದೇವಪ್ಪ ಮಗಳನ್ನು ಕೇಳಿದ, "ಆ ರಾಣಿ ಕೊನೆಗೆ ಅವನಿಗೆ ದಾರಿ ಬಿಟ್ಲಾ?"

"ಅದು ಕೊನೇ ಸರ್ಗ ಅಪ್ಪಾಜಿ. ಈ ಸಲ ಅಲ್ಲೀತನಕ ಬರಲ್ಲ, ಬರೋ ವರ್ಷ ಓದೋದು."

ಆಟೋ ಮುಂದಿನ ಸರ್ಕಲ್ ಸುತ್ತಿತು. ಹೊಲಿಗೆ ಕ್ಲಾಸು ಮನೆಯಿಂದ ಬಾಳ ದೂರವೇ ಆಯಿತು ಎಂದ ಮಹದೇವಪ್ಪ.