ಮಂಜೂರ ಅಣಕಿಸದ ಮೂರು ದಿನ

ಮಂಜೂರ ಮೂರು ದಿನದಿಂದ ಶಂಕ್ರೆವ್ವನ ದನಿ ತೆಗೆದು ಅಣಕಿಸಿಲ್ಲ. ಅವಳಿಗೆ ಮೊದಲ ಅನುಮಾನ ಬಂದದ್ದು ಅಲ್ಲಿಂದಲೇ.

ಇಂಡಿ ಊರ ಹೊರಗಿನ ಆ ತಗಡಿನ ಶೆಡ್ಡಿನಲ್ಲಿ ಲಿಂಬೆಹಣ್ಣು ಆರಿಸುವವರು ಶಂಕ್ರೆವ್ವ ಸೇರಿ ಏಳು ಮಂದಿ ಹೆಂಗಸರು. ಚೀಲ ಹೊರುವವನು ಮಂಜೂರ. ಚೀಲಕ್ಕಿಂತ ಹೆಚ್ಚು ಅವನು ಮಂದಿಯ ದನಿ ಹೊರುತ್ತಿದ್ದ. ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವವನ ಬಾಯಿ, ಸಾಹುಕಾರ ರಾವಸಾಬರು ಫೋನಿನಲ್ಲಿ ಹಲೋಗೊಂದು ಕೆಮ್ಮುವ ಪರಿ, ಎಲ್ಲಕ್ಕಿಂತ ಮೇಲಾಗಿ ಶಂಕ್ರೆವ್ವನ ಗೊಣಗಾಟ. "ಯಾರ್ಲೇ ಅದು, ನನ್ನ ಬುಟ್ಟಿ ಸರಿಸಿದವ್ರು?" ಎಂದು ಅವನು ಮೂಗಿನಲ್ಲಿ ಅಂದರೆ ಆರು ಮಂದಿ ನಗುತ್ತಿದ್ದರು, ಏಳನೆಯವಳು ಹಣ್ಣು ಎಸೆಯುತ್ತಿದ್ದಳು. ಈ ಗದ್ದಲಕ್ಕಾಗಿಯೇ ಅವಳು ತನ್ನೂರು ಲಚ್ಯಾಣದಿಂದ ದಿನಾ ಟಂಟಂ ಹತ್ತಿ ಬರುತ್ತಿದ್ದದ್ದು. ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ ಅಲ್ಲಿ ಮಾತಿಗೆ ಸಿಗುತ್ತಿದ್ದದ್ದು ಗೋಡೆ ಮಾತ್ರ.

ಈಗ ಅದೇ ಮಂಜೂರ ಮೆತ್ತಗೆ, "ಆಯಿ, ಚಾ ಕುಡೀರಿ" ಅನ್ನುತ್ತಾನೆ. ಕುಡೀರಿ! ಹತ್ತು ವರ್ಷ ಇಲ್ಲದ 'ರಿ' ಎಲ್ಲಿಂದ ಬಂತು?

ಅವಳಿಗೊಂದು ಗುಟ್ಟಿತ್ತು. ವರ್ಷದ ಮೇಲಾಯಿತು, ಎರಡೂ ಕಣ್ಣಿಗೆ ಮಂಜು ಕವಿದಿತ್ತು. ಶೆಡ್ಡಿನ ಮಬ್ಬಿನಲ್ಲಿ ಹಸಿರು, ಹಳದಿ ಎಲ್ಲ ಒಂದೇ. ಹಣ್ಣು ಆರಿಸುತ್ತಿದ್ದದ್ದು ಬೆರಳುಗಳು. ಕಾಯಿ ಬಿರುಸು, ಹಣ್ಣು ನುಣುಪು, ಒಳಗೊಳಗೇ ಕೊಳೆತದ್ದು ಹೆಬ್ಬೆರಳಿಗೆ ಕೂದಲೆಳೆಯಷ್ಟು ಹೆಚ್ಚು ಬಗ್ಗುತ್ತದೆ. ತಿಳಿದರೆ ಸಾಹುಕಾರರು ಮನೆಗೆ ಕಳಿಸಿಬಿಡುವರೆಂದು ಯಾರಿಗೂ ಹೇಳಿರಲಿಲ್ಲ. ಈ 'ರಿ' ಕನಿಕರದ್ದೇ ಇರಬೇಕು; ಆದರೆ ಈ ಮಂಜು ಆ ಮಂಜೂರನಿಗೆ ಹೇಗೆ ತಿಳಿಯಿತು?

ಎರಡನೆಯ ಅನುಮಾನ ಸಾಬೀರಾ. ಪಕ್ಕದ ಮಣೆಯಲ್ಲಿ ಕೂತ ಅವಳ ಮುಖ ಹಣ್ಣಿನ ಕಡೆಗಿರದೆ ಸೂರಿನ ಕಡೆಗಿತ್ತು. ಶಂಕ್ರೆವ್ವ ಇನ್ನಷ್ಟು ಹತ್ತಿರ ಬಾಗಿದಳು. ಹುಡುಗಿ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, ಹಣ್ಣನ್ನು ಬೆರಳಲ್ಲಿ ಉರುಳಿಸುತ್ತಿದ್ದಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಓಹೋ, ದನಿ ಬಿಟ್ಟು ಈಗ ಕುರುಡನ್ನೇ ಅಣಕಿಸುವುದು!

ಸಂಜೆ ರಾವಸಾಬರು ಅವಳ ಬುಟ್ಟಿಯಿಂದ ನಾಲ್ಕು ಹಣ್ಣೆತ್ತಿ ಒತ್ತಿ ನೋಡಿದರು. "ನಾಳೆ ಖಂಡೇಪೂಜಿ. ಲಗೂನ ಬಾ ಶಂಕ್ರೆವ್ವ, ನಿನ್ನ ಕೂಡ ಮಾತೈತಿ."

ಮರುದಿನ ಆಯುಧಪೂಜೆಯೆಂದು ತಕ್ಕಡಿಗೆ, ಟೆಂಪೋಗೆ, ಬುಟ್ಟಿಗಳಿಗೆ ವಿಭೂತಿ ಎಳೆದು ಹೂ ಏರಿಸಿದ್ದರು. ಶಂಕ್ರೆವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತಳು.

"ಕೈ ತಗಿ," ಅಂದರು ರಾವಸಾಬರು.

"ಯಾಕ್ರಿ? ನಾ ಏನ ಕದ್ದೇನಿ?"

"ಕಣ್ಣ ಕಾಣವಲ್ದು ಅಂತ ಹೇಳಬಾರದೇನ?"

ಅವಳು ಮಂಜೂರನ ಕಡೆ ತಿರುಗಿದಳು. "ಹೇಳೇ ಬಿಟ್ಟೆಲ್ಲೊ! ಬಾಯಿ ತುರಸ್ತಿತ್ತೇನ?"

"ನಾ ಎಲ್ಲಿ ಹೇಳೇನಿಬೇ? ನಿನ್ನ ಬುಟ್ಟೀನ ಹೇಳ್ತು!"

ಸಾಬೀರಾ ಅವಳ ಪಕ್ಕಕ್ಕೆ ಬಂದು ಕೂತಳು. "ಆಯಿ, ನಾವು ಕಣ್ಣಿಲೆ ನೋಡಿ ಆರಿಸಿದ ಮಾಲಿನಾಗ ಒಂದೆರಡು ಕೊಳತದ್ದು ಉಳದೇ ಉಳೀತಿತ್ತು. ನಿನ್ನ ಬುಟ್ಯಾಗ ಒಂದೂ ಇಲ್ಲ. ಹೆಂಗ ಅಂತ ನೋಡಿದ್ರ, ನೀ ಹಣ್ಣ ನೋಡೂದ ಇಲ್ಲ! ಹದಿನೈದು ದಿನಾ ಆತು, ಕಣ್ಣ ಮುಚ್ಚಿ ಕಲಿಯಾಕತ್ತೇನಿ. ಬರವಲ್ದು. ಇವ್ರೆಲ್ಲಾ ನಗತಾರ."

"ಈ ವರ್ಷ ನಮ್ಮ ಒಂದ ಲೋಡೂ ವಾಪಸ್ ಬಂದಿಲ್ಲ," ಅಂದರು ರಾವಸಾಬರು. "ಇದು ಈ ಕೈಯ ಉಪಕಾರ. ತಕ್ಕಡಿಗೆ ಪೂಜಿ ಮಾಡಿ ಈ ಕೈ ಬಿಟ್ರ ಹೆಂಗ?"

ಅವರು ಅವಳ ಕೈಗೆ ಅರಿಸಿನದ ಭಂಡಾರ ಹಚ್ಚಿದರು. ಸಾಬೀರಾ ಮುಂಗೈಗೆ ಮಲ್ಲಿಗೆ ಸುತ್ತಿದಳು. ಉಳಿದವರೂ ಒಬ್ಬೊಬ್ಬರಾಗಿ ಬಂದು ಅವಳ ಕೈ ಮುಟ್ಟಿ ಹಣೆಗೊತ್ತಿಕೊಂಡರು. ಶಂಕ್ರೆವ್ವನ ಅನುಮಾನ ಮಾತ್ರ ಅಲುಗಲಿಲ್ಲ.

"ಪೂಜಿ ಮಾಡಿ ಕಳಸ್ತೀರಿ, ಹೌದಲ್ರಿ? ಹ್ವಾದ ವರ್ಷ ಹಳೇ ತಕ್ಕಡಿಗೂ ಪೂಜಿ ಮಾಡೇ ಗುಜರಿಗೆ ಹಾಕಿದ್ರಿ."

ರಾವಸಾಬರು ಕೆಮ್ಮಿದರು. "ಕಳಸ್ತೇನಿ. ಕಣ್ಣಿನ ದವಾಖಾನಿಗೆ, ಪೊರಿ ತಗಸಾಕ. ಸಾಬೀರಾ ನಿನ್ನ ಕೂಡ ಬರ್ತಾಳ. ಡಾಕ್ಟ್ರು ಹೂಂ ಅಂದ ದಿನ ತಿರುಗಿ ಬಂದು ನಿನ್ನ ಜಾಗಾದಾಗ ಕುಂದ್ರು, ಇವ್ರಿಗೂ ಕಲಿಸು."

"ಜಾಗಾ ಇರ್ತೈತ್ರಿ?"

"ನಿನ್ನ ಮಣಿ ಮ್ಯಾಲ ಬ್ಯಾರೇದವ್ರನ ಕುಂದ್ರಸಾಕ ನಾ ಬಿಡ್ತೇನೇನು?" ಅಂದಳು ಸಾಬೀರಾ.

ಶಂಕ್ರೆವ್ವ ಎದ್ದು ಹೋಗಿ ತನ್ನ ಮಣೆಯ ಮೇಲೆ ಕೂತಳು. "ಲೇ ಮಂಜೂರ, ಮೂರು ದಿನ ನನ್ನ ದನಿ ಎಲ್ಲಿ ಮುಚ್ಚಿಟ್ಟಿದ್ದಿ?"

"ಬಾಯಿ ಬಿಟ್ರ ಪೂಜಿ ಗುಟ್ಟೂ ಹೊರಗ ಬೀಳ್ತಿತ್ತಬೇ. ಅದಕ್ಕ ಚಾ ಕುಡೀರಿ ಅಂದು ಸುಮ್ಮನಾದೆ."

"ಈಗ ತಗಿ."

ಮಂಜೂರ ಸಾಹುಕಾರರನ್ನೊಮ್ಮೆ ನೋಡಿ ಮೂಗು ಹಿಡಿದ. "ಪೂಜಿ ಮಾಡಿ ಕಳಸ್ತೀರಿ, ಹೌದಲ್ರಿ? ನಾ ಏನ ತಕ್ಕಡೀನ?"

ಆರು ಮಂದಿ ಬಿದ್ದು ಬಿದ್ದು ನಕ್ಕರು. ಏಳನೆಯವಳು ರಾಶಿಯಲ್ಲಿ ಕೈಯಾಡಿಸಿದಳು. ಮೊದಲು ಸಿಕ್ಕ ಹಣ್ಣನ್ನು ಒತ್ತಿ ನೋಡಿದಳು, ಒಳ್ಳೆಯದು, ಇಟ್ಟಳು. ಎರಡನೆಯದನ್ನೂ ಇಟ್ಟಳು. ಮೂರನೆಯದು ಹೆಬ್ಬೆರಳಿಗೆ ತುಸು ಬಗ್ಗಿತು. ಅದನ್ನೆತ್ತಿ, ದನಿ ಬಂದ ಕಡೆಗೆ ಗುರಿಯಿಟ್ಟು ಬೀಸಿದಳು.