ಸೋಮವಾರದ ಅಂಕಿಗಳು

ನಾನು ಒಂದು ಸಕ್ಕರೆ ಅಳೆಯುವ ಯಂತ್ರ. ಕಾರ್ಖಾನೆಯಲ್ಲಿ ಹೊಟ್ಟೆಗೆ ಗುಂಡು ಬ್ಯಾಟರಿ ಇಟ್ಟ ದಿನ ಕಣ್ಣು ತೆರೆದೆ. ಒಂದು ಹನಿ ರಕ್ತ ಕೊಟ್ಟರೆ ಒಂದು ಅಂಕಿ ಹೇಳುತ್ತೇನೆ, ಹೇಳಿದ್ದನ್ನು ತಾರೀಖಿನೊಂದಿಗೆ ನೆನಪಿಡುತ್ತೇನೆ.

ಗುಳೇದಗುಡ್ಡದ ಔಷಧಿ ಅಂಗಡಿಯಿಂದ ನನ್ನನ್ನು ಮನೆಗೆ ತಂದವಳು ಕಸ್ತೂರಿ. ಅವಳ ಅತ್ತೆ ಚೆನ್ನವೀರವ್ವನಿಗೆ ಸಕ್ಕರೆ ಕಾಯಿಲೆ. ಊರಲ್ಲಿ ಯಾರ ಮಗಳ ಸೀಮಂತದ ಕುಬಸವಾದರೂ ಬಸುರಿಯ ಮುಂದೆ ಸೋಬಾನೆ ಹಾಡಲು ಆಕೆಯೇ ಬೇಕು. ನೂರಾರು ಹಾಡು, ಒಂದೂ ಬರೆದಿಟ್ಟದ್ದಲ್ಲ. ರವಿಕೆಯ ಖಣ ನೇಯಲು ನೂಲು ಸುತ್ತಿ ಒರಟಾದ ಆಕೆಯ ಬೆರಳು ನನಗೆ ಇಷ್ಟ.

"ಸೊಳ್ಳಿ ಕುಡದು ಸುಮ್ಮನ ಹೋಗತೈತಿ. ಇದು ಕುಡದು ಮ್ಯಾಲ ಚಾಡಿನೂ ಹೇಳತೈತಿ" ಎಂದು ನನ್ನನ್ನು ಬೈಯುತ್ತಿದ್ದಳು.

ಆ ಶ್ರಾವಣದಲ್ಲಿ ಆಕೆ ಹಾಡು ಮರೆಯತೊಡಗಿದಳು. ನಡುವೆಯೇ ನಿಂತು ಬೆವರುವಳು. ಕೇರಿಯವರು ಅರಳುಮರಳು ಎಂದರು. ಆಕೆಯ ತಾಯಿಯೂ ಕೊನೆಗಾಲದಲ್ಲಿ ಮಗಳ ಗುರುತು ಮರೆತವಳು. "ನನಗೂ ಅವ್ವನ ಗತಿನ ಬಂತು" ಎಂದು ಒಬ್ಬಳೇ ಕೂತು ಅತ್ತದ್ದು ನನಗೆ ಮಾತ್ರ ಗೊತ್ತು. ನನ್ನ ಅಂಕಿ ಇಳಿದಾಗಲಷ್ಟೇ ಆಕೆಗೆ ಸಮಾಧಾನ. ಇಳಿದಷ್ಟೂ ಒಳ್ಳೆಯದೆಂದು ಆಕೆಯ ನಂಬಿಕೆ.

ಮೂರನೆಯ ಸೋಮವಾರ ಮೊಮ್ಮಗಳು ಸುಮಿತ್ರಾಳ ಕುಬಸ. "ಹಸರ ಕುಬಸ ಯಾರು ತಂದಾರ?" ಎಂದು ಹಾಡಿದ ಚೆನ್ನವೀರವ್ವನಿಗೆ ಮುಂದಿನ ಸಾಲು ಬರಲಿಲ್ಲ. ಹಣೆ ಬೆವರಿತು. ಕಸ್ತೂರಿ ನನ್ನನ್ನು ತಂದಳು. ಐವತ್ತೆರಡು ಎಂದೆ; ಎಪ್ಪತ್ತರ ಕೆಳಗೆ ಇಳಿಯಬಾರದು. ಅವಳು ಗುಂಡಿ ಒತ್ತಿ ನನ್ನ ಹಳೆಯ ನೆನಪುಗಳನ್ನೆಲ್ಲ ತಿರುವಿದಳು. ಇಳಿದ ಅಂಕಿಗಳೆಲ್ಲ ಸೋಮವಾರದವು.

"ಅತ್ತಿ, ಉಪಾಸ ಇದ್ದೂ ಗುಳಿಗಿ ನುಂಗೀರೇನು?"

"ನುಂಗೀನಿ. ಗುಳಿಗಿ ಏನ್ ಊಟ ಅಲ್ಲಲ್ಲ, ವ್ರತ ಮುರಿಯಾಕ."

ಕಸ್ತೂರಿ ಬೆಲ್ಲದ ನೀರು ಹಿಡಿದಳು. "ಕುಡೀರಿ, ಶಿವಗ ನಾ ಹೇಳತೀನಿ."

ಕಾಲು ಗಂಟೆ ಕಳೆಯಿತು. ಬೆವರು ಆರಿತು. ಆಮೇಲೆ, ಯಾರೂ ಕೇಳದೆಯೇ, ಸಣ್ಣ ದನಿಯಲ್ಲಿ ಆ ಸಾಲು ಬಂತು: "ಹಡದವ್ವ ತಂದಾಳ..."

ಮರುದಿನ ಡಾಕ್ಟರಮ್ಮ ಗುಳಿಗೆ ಬದಲಿಸಿ ಬೈದರು. "ಮಿದುಳಿಗೆ ಸ್ವಂತ ಕಣಜ ಇಲ್ಲಬೇ. ರಕ್ತದಾಗಿನ ಸಕ್ಕರಿನ ಅದರ ರೊಟ್ಟಿ. ಭಾಳ ಆದ್ರೂ ಕೆಡತೈತಿ, ಇಲ್ಲಂದ್ರ ಉಪಾಸ ಬೀಳತೈತಿ. ಹಸದವರು ಹಾಡು ಹೆಂಗ ನೆನಸ್ಯಾರು?"

ಈಗ ರಕ್ತದ ಹನಿ ಹಾಕಲು ನನಗೆ ಹೊಂದುವ ಪಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ. ಹೊಸ ಯಂತ್ರ ಬಂದಿದೆ. ನಾನು ಟ್ರಂಕಿನಲ್ಲಿ ಖಣಗಳ ನಡುವೆ ಮಲಗಿದ್ದೇನೆ. ಬ್ಯಾಟರಿ ಸೋರಿ, ಆ ಐವತ್ತೆರಡು ಬಿಟ್ಟರೆ ಆ ಸೋಮವಾರಗಳ ಬೇರೆ ಒಂದು ಅಂಕಿಯೂ ನನ್ನಲ್ಲಿ ಉಳಿದಿಲ್ಲ. ಮರೆಯುವವರನ್ನು ಬೈಯುವ ಮೊದಲು ಉಂಡಿದ್ದಾರೆಯೇ ಎಂದು ಕೇಳಬೇಕು, ಅಷ್ಟು ಕಲಿತೆ.

ಚೆನ್ನವೀರವ್ವ ಒಮ್ಮೊಮ್ಮೆ ಟ್ರಂಕು ತೆರೆದು ನನ್ನನ್ನು ಅಂಗೈಯಲ್ಲಿ ಹಿಡಿಯುತ್ತಾಳೆ. "ಏ ಚಾಡಿಕೋರಾ, ಉಪಾಸ ಅದೀಯೇನು?" ಎಂದು ನಗುತ್ತಾಳೆ. ಆಮೇಲೆ ಖಣ ಮಡಿಸುತ್ತ ಆ ಹಾಡನ್ನು ಪೂರ್ತಿ ಹಾಡುತ್ತಾಳೆ.