ಕೈಪೆ ಹಾಲು

ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಮೇಲೆ ಭವ್ಯಶ್ರೀಯ ಮಗ ಶೋಧನ್ ಮೊಲೆ ಬಿಟ್ಟ. ತವರಿನಲ್ಲಿ ಹೊಟ್ಟೆ ತುಂಬ ಕುಡಿದು ಮಲಗುತ್ತಿದ್ದ ಕೂಸು ಇಲ್ಲಿ ಬಾಯಿಗೆ ಇಟ್ಟರೆ ಸಾಕು, ತುಟಿ ಬಿಗಿದು ಮುಖ ತಿರುಗಿಸಿ ಕಿರುಚುತ್ತಿತ್ತು.

ಅತ್ತೆ ವಾರಿಜಾಕ್ಷಿ ನೋಡಿದ ಕೂಡಲೇ ತೀರ್ಪು ಕೊಟ್ಟಳು: "ಹಾಲು ಕೈಪೆ ಆಗಿದೆ. ಇನ್ನು ಕುಡಿಸುವುದು ಬೇಡ." ಬೆಳುವಾಯಿಯ ಆ ಮನೆಯ ತುಳುವಿನಲ್ಲಿ ಕೈಪೆ ಎಂದರೆ ಕಹಿ. ವಾರಿಜಾಕ್ಷಿಯ ಎರಡನೆಯ ಮಗು, ಹೆಣ್ಣು, ಹೀಗೇ ಮುಖ ತಿರುಗಿಸಿ ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಹಾಲಿನ ದೋಷವೆಂದು ಊರು ಹೇಳಿತು, ಅವಳು ನಂಬಿದಳು. ಮೊಮ್ಮಗನೂ ಹಾಗಾದಾನೆಂಬ ಹೆದರಿಕೆಯೇ ಹೊರತು ಅವಳದು ಕೆಟ್ಟ ಮನಸ್ಸಲ್ಲ. ಕೆಟ್ಟ ಮನಸ್ಸಾಗಿದ್ದರೆ ಎದುರು ಮಾತಾಡುವುದು ಸುಲಭವಿತ್ತು.

ಮಗುವಿಗೆ ಗಂಜಿಯ ತೆಳಿ, ನೀರು ಬೆರೆಸಿದ ಪ್ಯಾಕೆಟ್ ಹಾಲು ಶುರುವಾಯಿತು, ಹಿಂದೆಯೇ ಭೇದಿಯೂ. ಭವ್ಯಶ್ರೀ ಎಲೆ, ಹೊಗೆಸೊಪ್ಪು ಹರಡಿದ ತಡ್ಪೆ ಎಂಬ ಮೊರವನ್ನು ಮಡಿಲಿಗೆಳೆದುಕೊಂಡು ಎಂದಿನಂತೆ ಅತ್ತೆಯ ಪಕ್ಕ ಬೀಡಿ ಕಟ್ಟುತ್ತ ಕೂತಳು. ಎದೆ ಕಲ್ಲಾಗಿ ನೋಯಿತು, ರವಿಕೆ ಒದ್ದೆಯಾಯಿತು, ಆಮೇಲೆ ಎರಡೂ ನಿಂತವು. ಅವಳಿಗೆ ಏನೂ ಅನಿಸಲಿಲ್ಲ. ಅನಿಸಲು ಪುರುಸೊತ್ತಾದರೂ ಎಲ್ಲಿತ್ತು?

ಅಂಗನವಾಡಿಯಲ್ಲಿ ತೂಕ ನೋಡುವ ದಿನ ಬೀಡಿ ಅರ್ಧಕ್ಕೇ ಬಿಟ್ಟು ಮಗುವನ್ನೆತ್ತಿಕೊಂಡು ಓಡಿದಳು. ಮುಳ್ಳು ಹಿಂದಿನ ಸಲಕ್ಕಿಂತ ಕೆಳಗೆ ನಿಂತಿತು. ಟೀಚರ್ ಶಶಿಪ್ರಭಾ ಮತ್ತೊಮ್ಮೆ ತೂಗಿದರು, ಆಸ್ಪತ್ರೆಗೆ ತೋರಿಸಬೇಕೆಂದರು, ಎದೆಹಾಲು ಯಾಕೆ ಬಿಡಿಸಿದ್ದೆಂದು ಕೇಳಿದರು. ಕೈಪೆಯ ವಿಷಯ ಹೇಳುತ್ತಲೇ ಭವ್ಯಶ್ರೀ ಮಗುವಿನ ಜೊಲ್ಲನ್ನು ಬೆರಳಿನಿಂದ ಒರೆಸಿದಳು. ಶೋಧನ್ ತುಟಿ ಬಿಗಿದು ಮುಖ ತಿರುಗಿಸಿದ. ಮೊಲೆ ಬಾಯಿಗಿಟ್ಟಾಗ ಮಾಡುತ್ತಿದ್ದ ಅದೇ ಮುಖ.

ಅವಳು ಆ ಬೆರಳನ್ನು ತನ್ನ ಬಾಯಿಗಿಟ್ಟುಕೊಂಡಳು. ಹೊಗೆಸೊಪ್ಪಿನ ಹುಡಿ ನಾಲಿಗೆ ಸುಟ್ಟಿತು. ತವರಿನಲ್ಲಿ ಬೀಡಿ ಇರಲಿಲ್ಲ; ಇಲ್ಲಿ ಬೀಡಿಯ ನಡುವೆ ಇದೇ ಕೈಯಲ್ಲಿ ಅಲ್ಲವೇ ಅವಳು ಮೊಲೆ ಹಿಡಿದು ಮಗುವಿನ ಬಾಯಿಗೆ ಇಡುತ್ತಿದ್ದದ್ದು.

ಅಂಗನವಾಡಿಯ ನಲ್ಲಿಯ ಬುಡದಲ್ಲಿ ಕೈ, ಎದೆ ಎಲ್ಲ ಸಾಬೂನು ಹಚ್ಚಿ ತೊಳೆದು ಬಾಗಿಲ ಮರೆಯಲ್ಲಿ ಕೂತಳು. ಶೋಧನ್ ಬಾಯಿ ಹಾಕಿದ. ಕಣ್ಣು ಮುಚ್ಚಿ ಎಳೆದ, ಎಳೆದೇ ಎಳೆದ. ಏನೂ ಬರಲಿಲ್ಲ. ಬಿಡದೆ ಚೀಪಿಸುತ್ತಿದ್ದರೆ ಹಾಲು ತಿರುಗಿ ಬರಬಹುದು ಎಂದರು ಟೀಚರ್. ಬಂದೇ ಬರುತ್ತದೆ ಎಂದು ಅವರೂ ಹೇಳಲಿಲ್ಲ.

ಮನೆಯಲ್ಲಿ ಅತ್ತೆ ತೂಕ ಎಷ್ಟೆಂದು ಕೇಳಿದಳು.

"ಕೈಪೆ ಹಾಲಿನದ್ದಲ್ಲ ಅತ್ತೆ," ಎಂದಳು ಭವ್ಯಶ್ರೀ. "ಕೈಯದ್ದು. ಬೀಡಿಯ ಕೈಯದ್ದು. ತೊಳೆದ ಮೇಲೆ ಬಾಯಿ ಹಾಕಿದ. ಈಗ ಹಾಲೇ ಇಲ್ಲ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ವಾರಿಜಾಕ್ಷಿಯ ಕೈ ಎಲೆಯ ಮೇಲೆ ನಿಂತಿತು. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿದ ಬೆರಳು. ಅದರ ರುಚಿ ನೋಡುವ ಅಗತ್ಯ ಅವಳಿಗಿರಲಿಲ್ಲ. ತಡ್ಪೆಯನ್ನು ಬದಿಗೆ ಸರಿಸಿ ಮೊಮ್ಮಗನನ್ನು ನೋಡಿದಳು.

"ಹಾಗಾದ್ರೆ ನನ್ನ ಮಗಳಿಗೂ ಹಸಿವೆ ಇತ್ತು," ಎಂದಳು.